ಕೋಲ್ಕತ್ತಾದ ಚೀನೀ ಹೊಸ ವರ್ಷ: ಹೋಗುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಕೆಲವು ವರ್ಷ ಕೋಲ್ಕತ್ತಾದಲ್ಲಿದ್ದೆ. ಊರಿಗೆ ವಾಪಸ್ ಬಂದ ಮೇಲೂ ಜನವರಿ ಬಂತೆಂದರೆ ಫೋನು ಶುರು. “ಅಲ್ಲಿ ಚೀನಿಯರ ಹಬ್ಬ ಆಗುತ್ತಂತಲ್ಲ, ನಾವೂ ಹೋಗಬಹುದಾ? ತಿನ್ನೋಕೆ ಏನು ಸಿಗುತ್ತೆ? ಗಡಿಯಲ್ಲಿ ಜಗಳ ಇರುವಾಗ ಇದೆಲ್ಲ ಬೇಕಾ?” ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಕೋಲ್ಕತ್ತಾದಲ್ಲಿ ಚೀನಿಯರು ಇದ್ದಾರಾ? ಯಾವಾಗ ಬಂದರು?

ಇದ್ದಾರೆ. ಸುಮಾರು 240 ವರ್ಷಗಳಿಂದ ಇದ್ದಾರೆ. ಮೊದಲು ಬಂದು ನೆಲೆ ನಿಂತವನು ಟಾಂಗ್ ಅಚ್ಯೂ ಎಂಬ ವ್ಯಾಪಾರಿ. ಆಗ ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್. ಊರಿನಿಂದ ಕೆಳಗೆ, ಬಜ್‌ಬಜ್ ಹತ್ತಿರ ಹೂಗ್ಲಿ ದಂಡೆಯಲ್ಲಿ ಅಚ್ಯೂಗೆ ಜಮೀನು ಸಿಕ್ಕಿತು. ಅವನು ಕಬ್ಬು ಹಾಕಿದ, ಸಕ್ಕರೆ ಮಿಲ್ಲು ಮಾಡಿದ, ಕೆಲಸಕ್ಕೆ ತನ್ನ ಜನರನ್ನು ಕರೆಸಿದ. ಆ ಊರಿಗೆ ಇವತ್ತಿಗೂ ಅಚಿಪುರ ಎಂದೇ ಹೆಸರು.

ಆಮೇಲೆ ಬಂದವರು ಬೇರೆ ಬೇರೆ ಕಡೆಯವರು. ಕ್ಯಾಂಟನೀಸರು ಒಳ್ಳೇ ಬಡಗಿಗಳು, ಹಡಗಿನ ಕೆಲಸದಲ್ಲಿ ಇದ್ದರು. ಹಕ್ಕಾ ಜನ ಚರ್ಮ ಹದ ಮಾಡುವುದು, ಚಪ್ಪಲಿ ಬೂಟು ಹೊಲಿಯುವುದು. ಹುಬೇ ಪ್ರಾಂತ್ಯದವರು ಹಲ್ಲಿನ ಡಾಕ್ಟರುಗಳು. ಈ ಮೂರೂ ಗುಂಪಿನ ಮಾತು ಬೇರೆ, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ನಾವು ದೂರದಿಂದ ನೋಡಿ “ಚೀನಿಯರು” ಎಂದು ಒಂದೇ ಮಾತಲ್ಲಿ ಮುಗಿಸುತ್ತೇವೆ. ಉತ್ತರದವರು ನಮ್ಮನ್ನೆಲ್ಲ “ಮದರಾಸಿ” ಅಂದ ಹಾಗೆ.

ಒಂದು ಕಾಲಕ್ಕೆ ಹತ್ತಾರು ಸಾವಿರ ಮಂದಿ ಇದ್ದರು. ಈಗ ಕೆಲವೇ ಸಾವಿರ.

ಹಬ್ಬ ಯಾವಾಗ? ಪ್ರತಿ ವರ್ಷ ತಾರೀಖು ಬದಲಾಗುವುದು ಯಾಕೆ?

ನಮ್ಮ ಯುಗಾದಿಯ ತಾರೀಖು ಯಾಕೆ ಬದಲಾಗುತ್ತದೋ ಅದೇ ಕಾರಣಕ್ಕೆ. ಅವರದೂ ಚಂದ್ರನ ಲೆಕ್ಕ. ಡಿಸೆಂಬರ್ 21-22ರ ಅತಿ ಉದ್ದದ ರಾತ್ರಿ ಕಳೆದ ಮೇಲೆ ಸಾಮಾನ್ಯವಾಗಿ ಎರಡನೇ ಅಮಾವಾಸ್ಯೆಗೆ ಅವರ ಹೊಸ ವರ್ಷ. ಹಾಗಾಗಿ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಎಲ್ಲೋ ಒಂದು ಕಡೆ ಬೀಳುತ್ತದೆ. 2024ರಲ್ಲಿ ಫೆಬ್ರವರಿ 10, 2025ರಲ್ಲಿ ಜನವರಿ 29, 2026ರಲ್ಲಿ ಫೆಬ್ರವರಿ 17. 2027ರಲ್ಲಿ ಫೆಬ್ರವರಿ 6.

ನಾವು ಅಮಾವಾಸ್ಯೆ ಕಳೆದು ಪಾಡ್ಯದ ದಿನ ವರ್ಷ ಶುರು ಮಾಡುತ್ತೇವೆ. ಅವರು ಅಮಾವಾಸ್ಯೆಯ ದಿನವನ್ನೇ ಒಂದನೇ ದಿನ ಎಂದು ಎಣಿಸುತ್ತಾರೆ. ಯುಗಾದಿಗಿಂತ ಒಂದು ತಿಂಗಳೋ ಎರಡು ತಿಂಗಳೋ ಮುಂಚೆ ಬರುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಲೆಕ್ಕ ಸರಿಹೋಗಲು ಆಗಾಗ ಒಂದು ಅಧಿಕ ಮಾಸ ಸೇರಿಸುವುದೂ ನಮ್ಮ ಹಾಗೇ.

ನನಗೆ ಜಾಸ್ತಿ ಖುಷಿ ಕೊಟ್ಟ ವಿಷಯ ಬೇರೆ ಇದೆ. ನಮಗೆ 60 ಸಂವತ್ಸರ ಇದ್ದಾವಲ್ಲ, ಅವರಿಗೂ 60 ವರ್ಷದ ಚಕ್ರ. ಹತ್ತು ಹೆಸರುಗಳ ಒಂದು ಸಾಲು, ಹನ್ನೆರಡು ಪ್ರಾಣಿಗಳ ಇನ್ನೊಂದು ಸಾಲು. ಎರಡೂ ಒಟ್ಟಿಗೆ ತಿರುಗುತ್ತಾ 60 ವರ್ಷಕ್ಕೆ ಮತ್ತೆ ಮೊದಲಿನ ಜೋಡಿಗೆ ಬಂದು ನಿಲ್ಲುತ್ತವೆ. ನಮಗೆ 2026ರ ಯುಗಾದಿಯಿಂದ ಪರಾಭವ ಸಂವತ್ಸರ, ಅವರಿಗೆ ಅದು ಕುದುರೆ ವರ್ಷ. 2027 ಆಡಿನ ವರ್ಷ. ಕೆಲವರು ಕುರಿ ಎನ್ನುತ್ತಾರೆ, ಅವರ ಅಕ್ಷರದಲ್ಲಿ ಎರಡಕ್ಕೂ ಒಂದೇ.

ಹಬ್ಬ ಒಂದು ದಿನದ್ದಲ್ಲ. ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಹದಿನೈದು ದಿನ ನಡೆದು, ಕೊನೆಗೆ ದೀಪದ ಗೂಡುಗಳ ಹಬ್ಬದಲ್ಲಿ ಮುಗಿಯುತ್ತದೆ. ಆದರೆ ಹೊರಗಿನಿಂದ ಬಂದವರಿಗೆ ನೋಡಲು ಸಿಗುವುದು ಮುಖ್ಯವಾಗಿ ಹಿಂದಿನ ರಾತ್ರಿ ಮತ್ತು ಮೊದಲ ದಿನ.

ಎಲ್ಲಿಗೆ ಹೋಗಬೇಕು? ಟಿರೆಟ್ಟಾ ಬಜಾರಿಗಾ, ಟ್ಯಾಂಗ್ರಾಕ್ಕಾ?

ಎರಡಕ್ಕೂ ಹೋಗಿ. ಯಾವುದಕ್ಕೆ ಯಾವಾಗ ಅಂದರೆ ಹೊಸ ವರ್ಷದ ಹಿಂದಿನ ರಾತ್ರಿ ಟ್ಯಾಂಗ್ರಾ, ಬೆಳಿಗ್ಗೆ ಟಿರೆಟ್ಟಾ ಎಂದು ನಾನು ಹೇಳುತ್ತೇನೆ.

ಟಿರೆಟ್ಟಾ ಬಜಾರು ಹಳೇ ಚೀನಾಪಾಡಾ, ಅಂದರೆ ಚೀನಿಯರ ಕೇರಿ. ಊರಿನ ನಡುಮಧ್ಯೆ, ಪೋದ್ದಾರ್ ಕೋರ್ಟ್ ಹಿಂಬದಿ. ಹೆಸರು ಬಂದದ್ದು ಎಡ್ವರ್ಡೊ ಟಿರೆಟ್ಟಾ ಎಂಬ ವೆನಿಸ್‌ನವನಿಂದ. ಚೀನಿಯರ ಬೀದಿಗೆ ಇಟಲಿಯವನ ಹೆಸರು, ಕೋಲ್ಕತ್ತಾ ಅಂದರೆ ಹೀಗೇ. ಸೆಂಟ್ರಲ್ ಮೆಟ್ರೋ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು. ಹಾವ್ಡಾದಲ್ಲಿ ಇಳಿದವರು ನದಿ ಕೆಳಗಿನ ಮೆಟ್ರೋದಲ್ಲಿ ಎಸ್‌ಪ್ಲನೇಡ್‌ಗೆ ಬಂದು, ಅಲ್ಲಿ ಗಾಡಿ ಬದಲಿಸಿ ಎರಡನೇ ಸ್ಟೇಷನ್ನಿನಲ್ಲಿ ಇಳಿಯಬೇಕು.

ಗಲ್ಲಿಗಳ ಒಳಗೆ ಹಳೇ ಗುಡಿಗಳಿವೆ. ಇವಕ್ಕೆ ಇಲ್ಲಿ “ಚರ್ಚ್” ಎನ್ನುತ್ತಾರೆ! ಸೀ ಇಪ್ ಚರ್ಚ್, ಟೂಂಗ್ ಆನ್ ಚರ್ಚ್. ಶಿಲುಬೆ ಹುಡುಕಬೇಡಿ, ಬ್ರಿಟಿಷರ ಕಾಲದಿಂದ ಹಾಗೆ ಕರೆದು ರೂಢಿಯಾಗಿದೆ ಅಷ್ಟೇ. ಸೀ ಇಪ್‌ನಲ್ಲಿರುವುದು ಕರುಣೆಯ ದೇವತೆ ಗುವಾನ್ ಯಿನ್. ಟೂಂಗ್ ಆನ್‌ನಲ್ಲಿ ಕೆಂಪು ಮುಖ, ಉದ್ದ ಗಡ್ಡದ ವೀರ ದೇವರು ಕ್ವಾನ್ ಟಿ. ಅದರ ಕೆಳಗಿನ ಮಹಡಿಯಲ್ಲಿ ಒಂದು ಕಾಲಕ್ಕೆ ನಾನ್‌ಕಿಂಗ್ ಎಂಬ ಭಾರೀ ಹೆಸರಿನ ಹೋಟೆಲಿತ್ತು.

ಟ್ಯಾಂಗ್ರಾ ಊರಿನ ಪೂರ್ವಕ್ಕೆ, ಬೈಪಾಸ್ ರಸ್ತೆಯ ಹತ್ತಿರ. ಟ್ಯಾಕ್ಸಿಯವರಿಗೆ “ಚೈನಾ ಟೌನ್” ಅಂದರೆ ಸಾಕು. ಹಕ್ಕಾ ಜನರ ಚರ್ಮದ ಕಾರ್ಖಾನೆಗಳು ಇದ್ದದ್ದು ಇಲ್ಲೇ. 1996ರಲ್ಲಿ ಸುಪ್ರೀಂ ಕೋರ್ಟು ಅವನ್ನೆಲ್ಲ ಊರಾಚೆ ಕಳಿಸಿ ಎಂದಿತು. ಹೊಸ ಜಾಗ ಬಾನ್ತಲಾ. ಕೆಲವರು ಅಲ್ಲಿಗೆ ಹೋದರು, ಕೆಲವರು ದೇಶವನ್ನೇ ಬಿಟ್ಟರು, ಉಳಿದವರಲ್ಲಿ ಸುಮಾರು ಮಂದಿ ಹೋಟೆಲ್ ಹಾಕಿದರು, ಸಾಸ್ ಮಾಡಿದರು. ಎತ್ತರದ ಗೋಡೆ, ದೊಡ್ಡ ಕಬ್ಬಿಣದ ಗೇಟು ಇರುವ ಹೋಟೆಲು ಕಂಡರೆ ಅದು ಹಿಂದೆ ಚರ್ಮದ ಕಾರ್ಖಾನೆ ಆಗಿದ್ದಿರಬಹುದು.

ಟಿಕೆಟ್ಟು, ಪಾಸು ಏನಾದರೂ ಬೇಕಾ?

ಬೇಡ. ಬೀದಿಯಲ್ಲಿ ನಡೆಯುವ ಹಬ್ಬ. ಗುಡಿಯೊಳಗೂ ಬಿಡುತ್ತಾರೆ. ಮನೆಯೊಳಗೆ ಮಾತ್ರ ಕರೆದರೆ ಹೋಗಿ. ಹಿಂದಿನ ರಾತ್ರಿಯ ಊಟ ಮನೆಮಂದಿ ಎಲ್ಲ ಸೇರಿ ಮಾಡುವ ಊಟ, ಅವತ್ತು ಪರಿಚಯವಿದ್ದರೂ ಬಾಗಿಲು ತಟ್ಟುವುದು ಚೆನ್ನಾಗಿರುವುದಿಲ್ಲ.

ಸಿಂಹದ ಕುಣಿತ, ಡ್ರ್ಯಾಗನ್ ಕುಣಿತ ಎರಡೂ ಒಂದೇನಾ?

ಅಲ್ಲ. ಸಿಂಹದ ಒಳಗೆ ಇಬ್ಬರು. ಒಬ್ಬ ತಲೆ, ಒಬ್ಬ ಹಿಂಭಾಗ. ಡ್ರ್ಯಾಗನ್ ಉದ್ದ, ಹತ್ತಾರು ಜನ ಕೋಲಿನ ಮೇಲೆ ಎತ್ತಿ ಹಿಡಿದು ಓಡಿಸುತ್ತಾರೆ, ಅವರು ಹೊರಗೇ ಕಾಣುತ್ತಾರೆ. ಕೋಲ್ಕತ್ತಾದಲ್ಲಿ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗುವುದು ಸಿಂಹ.

ಮಂಗಳೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನವರಾತ್ರಿಯ ಹುಲಿವೇಷ ನೆನೆಸಿಕೊಳ್ಳಿ. ತಾಸೆ, ಡೋಲಿನ ಬದಲು ಇಲ್ಲಿ ದೊಡ್ಡ ಡ್ರಮ್ಮು, ಜಾಗಟೆ, ತಾಳ. ಹುಲಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಎತ್ತುತ್ತದಲ್ಲ, ಇಲ್ಲಿ ಬಾಗಿಲ ಮೇಲೆ ಲೆಟ್ಯೂಸ್ ಸೊಪ್ಪಿನ ಜೊತೆ ಕೆಂಪು ಲಕೋಟೆ ಕಟ್ಟಿರುತ್ತಾರೆ. ಸಿಂಹ ಎಗರಿ, ಒಬ್ಬನ ಮೇಲೆ ಒಬ್ಬ ನಿಂತು, ಅದನ್ನು ಬಾಯಿಗೆ ಹಾಕಿಕೊಂಡು ಸೊಪ್ಪನ್ನು ಚೂರು ಮಾಡಿ ಉಗುಳುತ್ತದೆ. ಸೊಪ್ಪು ಎನ್ನುವ ಮಾತೂ ಸಂಪತ್ತು ಎನ್ನುವ ಮಾತೂ ಅವರ ಭಾಷೆಯಲ್ಲಿ ಹತ್ತಿರದ ಉಚ್ಚಾರ. ಹಾಗಾಗಿ ಸೊಪ್ಪು ಮೈಮೇಲೆ ಬಿದ್ದರೆ ಒರೆಸಿಕೊಂಡು ಮುಖ ಸಿಂಡರಿಸಬೇಡಿ, ಅದು ಒಳ್ಳೇದು.

ಸಿಂಹದ ಕಾಲುಗಳಲ್ಲಿ ಕುಣಿಯುವವರೆಲ್ಲ ಚೀನೀ ಹುಡುಗರೇ ಎಂದುಕೊಳ್ಳಬೇಡಿ. ಅವರ ಮನೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. ಅಕ್ಕಪಕ್ಕದ ಗಲ್ಲಿಯ ಬಂಗಾಳಿ, ಬಿಹಾರಿ ಹುಡುಗರೂ ಡ್ರಮ್ಮು ಹಿಡಿದಿರುತ್ತಾರೆ.

ಸಿಕ್ಕಿದವರಿಗೆ ಏನು ಹೇಳಬೇಕು? ಏನಾದರೂ ತೆಗೆದುಕೊಂಡು ಹೋಗಬೇಕಾ?

“ಕುಂಗ್ ಹೀ ಫಾತ್ ಚೊಯ್.” ಸಂಪತ್ತು ಹೆಚ್ಚಲಿ ಎಂದು ಹಾರೈಕೆ. ಮ್ಯಾಂಡರಿನ್ ಕಲಿತು ಹೋಗಿ ಹೇಳಿದರೂ ತಪ್ಪಿಲ್ಲ, ಆದರೆ ಟ್ಯಾಂಗ್ರಾದಲ್ಲಿ ಮನೆ ಮಾತು ಹಕ್ಕಾ. ಬಂಗಾಳಿ, ಹಿಂದಿ ಎಲ್ಲರಿಗೂ ಬರುತ್ತದೆ. ಮೊದಲ ವರ್ಷ ನಾನು ಕಷ್ಟಪಟ್ಟು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರೆ, ಅಂಗಡಿಯ ಅಜ್ಜಿ ಪಟಪಟ ಬಂಗಾಳಿಯಲ್ಲಿ ಉತ್ತರ ಕೊಟ್ಟರು. ನನಗೇ ಅರ್ಥವಾಗಲಿಲ್ಲ.

ಕಿತ್ತಳೆ ಹಣ್ಣು ಒಯ್ಯಿರಿ, ಎರಡು ಅಥವಾ ಆರು, ನಾಲ್ಕು ಮಾತ್ರ ಬೇಡ. ನಾಲ್ಕು ಎನ್ನುವುದು ಅವರಿಗೆ ಸಾವಿನ ಸದ್ದು ಕೊಡುವ ಮಾತು. ಗಡಿಯಾರ ಕೊಡಬೇಡಿ, ಗಡಿಯಾರ ಕೊಡುವುದು ಅನ್ನುವ ಮಾತು ಅವರ ಕಿವಿಗೆ ಅಂತ್ಯಸಂಸ್ಕಾರದ ಹಾಗೆ ಕೇಳುತ್ತದೆ. ಬರೀ ಬಿಳಿ, ಬರೀ ಕಪ್ಪು ಬಟ್ಟೆ ಬೇಡ.

ಮಕ್ಕಳಿಗೆ ದುಡ್ಡು ಕೊಡುವ ಹಾಗಿದ್ದರೆ ಕೆಂಪು ಲಕೋಟೆಯಲ್ಲಿ, ಹೊಸ ನೋಟು. ಇಲ್ಲೇ ನಾನು ಎಡವಿದ್ದು. ನಮ್ಮ ಮುಯ್ಯಿ ಅಭ್ಯಾಸದಲ್ಲಿ 101 ಹಾಕಿದ್ದೆ. ಮೇಲಿನ ಒಂದು ರೂಪಾಯಿ ಇಲ್ಲದಿದ್ದರೆ ನಮಗೆ ಅಪಶಕುನ. ಅವರಿಗೆ ಜೋಡಿ ಸಂಖ್ಯೆಯೇ ಶುಭ, ಬೆಸ ಸಂಖ್ಯೆ ಸಾವಿನ ಮನೆಗೆ ಕೊಡುವ ಲೆಕ್ಕ. ಆ ಮನೆಯ ಯಜಮಾನರು ನಕ್ಕು, ಆ ಒಂದು ರೂಪಾಯಿ ನಾಣ್ಯ ನನ್ನ ಕೈಗೇ ವಾಪಸ್ ಕೊಟ್ಟರು.

ನಾವು ಸಸ್ಯಾಹಾರಿಗಳು. ಉಪವಾಸವೇ ಗತಿಯಾ?

ಬೆಳಗಿನ ತಿಂಡಿಗೆ ಹೆಚ್ಚುಕಡಿಮೆ ಹೌದು. ಟಿರೆಟ್ಟಾ ಬಜಾರಿನ ಬೆಳಗಿನ ಸಂತೆ ಆರು ಗಂಟೆಗೆಲ್ಲ ಶುರು, ಒಂಬತ್ತರೊಳಗೆ ಖಾಲಿ. ಹಂದಿಮಾಂಸ ತುಂಬಿದ ಬಾವ್, ಮೀನಿನ ಉಂಡೆಯ ಸೂಪು, ಶುಮಾಯ್, ಮೊಮೊ, ಸಾಸೇಜು. ತಿನ್ನುವವರಿಗೆ ಸ್ವರ್ಗ. ಭಾನುವಾರ ಜನ ಜಾಸ್ತಿ, ಮತ್ತು ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಟ್ಯಾಕ್ಸಿ ಹಿಡಿಯಿರಿ.

ಟ್ಯಾಂಗ್ರಾದ ಹೋಟೆಲುಗಳಲ್ಲಿ ತರಕಾರಿ ನೂಡಲ್ಸ್, ಅನ್ನ, ಪನೀರು, ಅಣಬೆ ಎಲ್ಲ ಸಿಗುತ್ತದೆ. “ವೆಜ್” ಅಂದ ಮೇಲೂ ಸಾಸಿನಲ್ಲಿ ಮೀನು, ಸಿಂಪಿ ಇದೆಯಾ ಎಂದು ಕೇಳಿ. ಮಡಿ ಜಾಸ್ತಿ ಇರುವವರು ಕಿತ್ತಳೆ ಹಣ್ಣಿಗೇ ಸೈ.

ಗೋಬಿ ಮಂಚೂರಿ ಅಲ್ಲಿ ಸಿಗುತ್ತಾ? ಅದು ಚೀನಾದ್ದು ತಾನೇ?

ಚೀನಾದಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಈ ಕಥೆಯ ಬೇರು ಕೋಲ್ಕತ್ತಾ. ಅಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಮುಂಬೈಗೆ ಹೋಗಿ ಅಡುಗೆ ಕೆಲಸಕ್ಕೆ ಸೇರಿದರು. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಗಿರಾಕಿಯೊಬ್ಬರು ಹೊಸದೇನಾದರೂ ಮಾಡಿ ಎಂದರು. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ, ಗರಂ ಮಸಾಲೆಯ ಜಾಗದಲ್ಲಿ ಸೋಯಾ ಸಾಸ್ ಸುರಿದು ಕೋಳಿ ಮಾಡಿದರು. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ನಮ್ಮ ತಳ್ಳುಗಾಡಿಯ ದೇವರಾಯಿತು. ಕೆಂಪು ಬಣ್ಣ ಎಷ್ಟು ಅತಿಯಾಯಿತೆಂದರೆ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವೇ ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಮಾಡಬೇಕಾಯಿತು.

ನಾವು ದಿನಾ ಹೇಳುವ “ಹಕ್ಕಾ ನೂಡಲ್ಸ್” ಹೆಸರು ಬಂದದ್ದೂ ಈ ಟ್ಯಾಂಗ್ರಾದ ಜನರಿಂದಲೇ.

ಕಾಳಿ ದೇವಸ್ಥಾನದಲ್ಲಿ ನೂಡಲ್ಸ್ ಪ್ರಸಾದ ಅನ್ನುವುದು ನಿಜವಾ?

ನಿಜ. ಟ್ಯಾಂಗ್ರಾದಲ್ಲಿ ಚೀನೀ ಕಾಳಿಬಾಡಿ ಇದೆ. ಮೊದಲು ಮರದ ಕೆಳಗೆ ಕುಂಕುಮ ಹಚ್ಚಿದ ಕಲ್ಲುಗಳಿದ್ದವು. ಕಾಯಿಲೆ ಬಿದ್ದ ಒಬ್ಬ ಚೀನೀ ಹುಡುಗನನ್ನು ಅಪ್ಪ ಅಮ್ಮ ಅಲ್ಲಿ ಮಲಗಿಸಿ ಬೇಡಿಕೊಂಡರು, ಹುಡುಗ ಹುಷಾರಾದ ಎಂದು ಅಲ್ಲಿಯವರು ಹೇಳುತ್ತಾರೆ. ಆಮೇಲೆ ಗುಡಿ ಎದ್ದಿತು. ಪೂಜೆ ಮಾಡುವುದು ಬಂಗಾಳಿ ಪುರೋಹಿತರು, ನೈವೇದ್ಯಕ್ಕೆ ನೂಡಲ್ಸು, ಚಾಪ್ ಸುಯಿ. ಊದುಬತ್ತಿ ಮಾತ್ರ ಚೀನಾ ಥರದ್ದು, ಉದ್ದ. ದೀಪಾವಳಿಯ ಕಾಳಿಪೂಜೆ ರಾತ್ರಿ ಹೋದರೆ ಸರಿಯಾಗಿ ನೋಡಬಹುದು.

ಇದನ್ನೆಲ್ಲ ಚೀನಾ ಸರ್ಕಾರ ಮಾಡಿಸುತ್ತದಾ? ಗಡಿಯಲ್ಲಿ ಹಾಗಿರುವಾಗ ನಾವು ಹೋಗುವುದು ಸರಿಯಾ?

ಈ ಪ್ರಶ್ನೆಯನ್ನು ಅರ್ಧ ದನಿ ತಗ್ಗಿಸಿ ಕೇಳುತ್ತಾರೆ. ಜೋರಾಗಿಯೇ ಉತ್ತರ ಕೊಡುತ್ತೇನೆ. ಹಬ್ಬ ಮಾಡುವುದು ಅಲ್ಲಿನ ಗುಡಿಗಳು, ಕ್ಲಬ್ಬುಗಳು, ಮನೆಮಂದಿ. ಅವರು ಭಾರತೀಯರು. ಓಟು ಹಾಕುತ್ತಾರೆ. ಚುನಾವಣೆ ಬಂದಾಗ ಟ್ಯಾಂಗ್ರಾದ ಗೋಡೆಗಳ ಮೇಲೆ ಪಕ್ಷಗಳು ಚೀನೀ ಅಕ್ಷರದಲ್ಲಿ ಪ್ರಚಾರ ಬರೆಸಿದ್ದೂ ಇದೆ. 2020ರ ಗಲ್ವಾನ್ ಘಟನೆ ಆದಾಗ ಭಾರತದ ಸೇನೆಯ ಪರವಾಗಿ ಬ್ಯಾನರ್ ಹಿಡಿದು ಅವರು ರಸ್ತೆಗೆ ಬಂದರು. ಬರಬೇಕಾಯಿತಲ್ಲ ಅನ್ನುವುದೇ ನನಗೆ ಬೇಜಾರು. ನಾನು, ನೀವು ಅವತ್ತು ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿರಲಿಲ್ಲ.

1962ರಲ್ಲಿ ಏನಾಯಿತು? ಅದರ ಬಗ್ಗೆ ಅವರನ್ನು ಕೇಳಬಹುದಾ?

ನೀವಾಗಿ ಕೇಳಬೇಡಿ. ಹಬ್ಬದ ದಿನವಂತೂ ಬೇಡವೇ ಬೇಡ. ತಿಳಿದುಕೊಂಡು ಹೋಗಿ, ಸಾಕು.

1962ರ ಅಕ್ಟೋಬರ್ 20ಕ್ಕೆ ಯುದ್ಧ ಶುರುವಾಗಿ ಒಂದು ತಿಂಗಳಲ್ಲಿ ಮುಗಿಯಿತು. ಆದರೆ ಚೀನೀ ಮೂಲದವರ ಪಾಲಿಗೆ ಮುಗಿಯಲಿಲ್ಲ. ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯಿಂದ ಸುಮಾರು 3,000 ಜನರನ್ನು ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಒಯ್ದರು. ವಯಸ್ಸಾದವರು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಅದರಲ್ಲಿದ್ದರು. ವಿಚಾರಣೆ ಇಲ್ಲ, ಆರೋಪವೂ ಇಲ್ಲ. ಕೊನೆಯವರು ಹೊರಗೆ ಬರುವಾಗ 1967. ಅಷ್ಟರಲ್ಲಿ ಎಷ್ಟೋ ಜನರ ಮನೆ, ಅಂಗಡಿ ಹರಾಜಾಗಿತ್ತು. ಸಾವಿರಾರು ಜನರನ್ನು ಹಡಗಿನಲ್ಲಿ ಚೀನಾಕ್ಕೆ ಕಳಿಸಿದರು. ಅವರಲ್ಲಿ ಬಹಳ ಮಂದಿ ಚೀನಾವನ್ನು ಹಿಂದೆ ನೋಡಿದವರೇ ಅಲ್ಲ.

ಕೋಲ್ಕತ್ತಾದಲ್ಲಿ ಉಳಿದವರ ಮೇಲೂ ಪೊಲೀಸರ ಕಣ್ಣು. ಊರು ಬಿಟ್ಟು ಹೋಗಬೇಕಾದರೆ ಅನುಮತಿ ಬೇಕಿತ್ತು. ಇಲ್ಲೇ ಹುಟ್ಟಿದವರಿಗೂ ಪೌರತ್ವ ಸಿಗಲು ದಶಕಗಳೇ ಹಿಡಿದವು. ಜನ ಕಡಿಮೆಯಾದದ್ದು ಹೀಗೆ. ಹೋದವರಲ್ಲಿ ಹೆಚ್ಚಿನವರು ಕೆನಡಾದ ಟೊರಾಂಟೊ ಸೇರಿದರು. ಈಗ ಟೊರಾಂಟೊದಲ್ಲಿ “ಹಕ್ಕಾ ಊಟ” ಅಂದರೆ ಖಾರದ ಚಿಲ್ಲಿ ಚಿಕನ್ನು, ಅಂದರೆ ಕೋಲ್ಕತ್ತಾದ ಊಟ! ಹಬ್ಬಕ್ಕೆ ಅಲ್ಲಿಂದ ಬಂದವರು ಟ್ಯಾಂಗ್ರಾದಲ್ಲಿ ಸಿಗುತ್ತಾರೆ. ಕೆನಡಾದ ಚಳಿಗೆ ಬೈಯುತ್ತಾ, ಬಂಗಾಳಿಯಲ್ಲಿ.

ದೇವಳಿಯಲ್ಲಿದ್ದವರು ಸರ್ಕಾರದಿಂದ ಒಂದು ಕ್ಷಮೆಯ ಮಾತು ಕೇಳುತ್ತಿದ್ದಾರೆ. ಅದು ಇನ್ನೂ ಬಂದಿಲ್ಲ.

ಹಾಗಾದರೆ “ಭಾರತ–ಚೀನಾ ಸ್ನೇಹ” ಅನ್ನುವುದೆಲ್ಲ ಬರೀ ಭಾಷಣವಾ?

ಅರ್ಧ ಭಾಷಣ, ಅರ್ಧ ನಿಜ. ನಿಜವಾದ ಅರ್ಧ ನೋಡಬೇಕಾದರೆ ಹಬ್ಬದ ಜೊತೆ ಇನ್ನೊಂದು ದಿನ ಇಟ್ಟುಕೊಂಡು ಶಾಂತಿನಿಕೇತನಕ್ಕೆ ಹೋಗಿ ಬನ್ನಿ. ರವೀಂದ್ರನಾಥ ಟ್ಯಾಗೋರರು 1924ರಲ್ಲಿ ಚೀನಾಕ್ಕೆ ಹೋಗಿದ್ದರು. 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನ ತೆರೆದರು. ಅದನ್ನು ಕಟ್ಟಿದ ತಾನ್ ಯುನ್-ಶಾನ್ ದಶಕಗಳ ಕಾಲ ಅಲ್ಲೇ ಇದ್ದರು. ಚೀನೀ ಪುಸ್ತಕಗಳು ಅಲ್ಲಿಗೆ ಬಂದವು, ಪಾಠ ನಡೆಯಿತು.

ಇನ್ನೊಬ್ಬರು ನಮಗೆ ಹತ್ತಿರದವರು, ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ವಿಜಯಪುರ, ಕಲಬುರಗಿ ಕಡೆಯವರಿಗೆ ಸೊಲ್ಲಾಪುರ ಅಂದರೆ ಪಕ್ಕದ ಮನೆ, ಅಲ್ವಾ? ಜಪಾನ್ ಚೀನಾದ ಮೇಲೆ ಬಿದ್ದಾಗ 1938ರಲ್ಲಿ ಕಾಂಗ್ರೆಸ್ ಐವರು ಡಾಕ್ಟರುಗಳನ್ನು ಕಳಿಸಿತು. ಕೋಟ್ನಿಸ್ ವಾಪಸ್ ಬರಲಿಲ್ಲ. ಗಾಯಾಳುಗಳ ನಡುವೆ ಕೆಲಸ ಮಾಡುತ್ತಾ, ಅಲ್ಲೇ ಮದುವೆಯಾಗಿ, 1942ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಗ ಅವರಿಗೆ 32. ಆ ಐವರಲ್ಲಿ ಕೋಲ್ಕತ್ತಾದ ಡಾಕ್ಟರ್ ಬಿಜಯ್ ಕುಮಾರ್ ಬಸು ಕೂಡ ಇದ್ದರು. ಮುಂದೆ ನಮ್ಮ ದೇಶಕ್ಕೆ ಅಕ್ಯುಪಂಕ್ಚರ್ ತಂದವರು ಅವರೇ.

ಸರ್ಕಾರಿ ಕಾಗದದ ಸ್ನೇಹವೂ ಉಂಟು. 2013ರಲ್ಲಿ ಕೋಲ್ಕತ್ತಾ ಮತ್ತು ಕುನ್ಮಿಂಗ್ ಸೋದರ ನಗರಗಳಾದವು. ಅದೇ ಸಲ ಬೆಂಗಳೂರು ಮತ್ತು ಚೆಂಗ್ಡು ಕೂಡ. 2015ರಲ್ಲಿ ಕರ್ನಾಟಕ ಮತ್ತು ಸಿಚುವಾನ್ ಪ್ರಾಂತ್ಯದ ನಡುವೆಯೂ ಅಂಥದೇ ಒಪ್ಪಂದವಾಯಿತು. ಬೆಂಗಳೂರಿನ ಎಷ್ಟು ಜನರಿಗೆ ಇದು ಗೊತ್ತು? ನನಗೂ ಕೋಲ್ಕತ್ತಾಗೆ ಹೋದ ಮೇಲೇ ಗೊತ್ತಾಗಿದ್ದು. ಕೋವಿಡ್‌ನಿಂದ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್ 26ಕ್ಕೆ ಮತ್ತೆ ಹಾರಿತು. ಮೊದಲ ವಿಮಾನ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ.

ಫೋಟೋ ತೆಗೆಯಬಹುದಾ?

ಸಿಂಹ, ಡ್ರ್ಯಾಗನ್, ಬೀದಿ: ಎಷ್ಟು ಬೇಕಾದರೂ. ಗುಡಿಯೊಳಗೆ ಕೇಳಿ. ಊದುಬತ್ತಿ ಹಿಡಿದು ಕಣ್ಣು ಮುಚ್ಚಿ ನಿಂತ ಅಜ್ಜಿಯ ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ನಿಮ್ಮ ಅಜ್ಜಿಗೆ ಹಾಗೆ ಮಾಡಿದರೆ ಸುಮ್ನೆ ಇರುತ್ತೀರಾ? “ನೀವು ಯಾವ ದೇಶದವರು” ಎಂದೂ ಕೇಳಬೇಡಿ.

ಈ ಸಲ ಹಬ್ಬ ತಪ್ಪಿಹೋಯಿತು. ಆಮೇಲೆ ಹೋದರೆ ಏನಾದರೂ ಇರುತ್ತಾ?

ನನ್ನನ್ನು ಕೇಳಿದರೆ ಆಮೇಲೆ ಹೋಗುವುದೇ ಚೆಂದ. ಹೊಸ ವರ್ಷ ಕಳೆದ ಮೇಲೆ ಬರುವ ಭಾನುವಾರಗಳಲ್ಲಿ ಚೀನೀ ಕುಟುಂಬಗಳು ಅಚಿಪುರಕ್ಕೆ ಹೋಗುತ್ತವೆ. ಸಿಯಾಲ್ದಾದಿಂದ ಬಜ್‌ಬಜ್ ಲೋಕಲ್ ರೈಲು, ಅಲ್ಲಿಂದ ಆಟೋ. ಒಂದು ಸಣ್ಣ ಗುಡಿ ಇದೆ, ಒಳಗೆ ಭೂಮಿಯ ದೇವರು ಮತ್ತು ದೇವತೆ. ಊರಿನವರು ಅದಕ್ಕೆ ಖೋದಾ ಖುದಿ ಎನ್ನುತ್ತಾರೆ. ನೋಡಿ, ಚೀನೀ ದೇವರಿಗೆ ಬಂಗಾಳದ ಹಳ್ಳಿಯವರು ಕೊಟ್ಟ ಹೆಸರಲ್ಲಿ ಫಾರ್ಸಿ ಮಾತು.

ನದಿ ದಂಡೆಯಲ್ಲಿ ಅಚ್ಯೂನ ಸಮಾಧಿ, ಕೆಂಪು ಬಣ್ಣದ್ದು, ಕುದುರೆ ಲಾಳದ ಆಕಾರ. ಅವನ ಮಿಲ್ಲು ಉಳಿದಿಲ್ಲ, ಕಬ್ಬಿನ ಗದ್ದೆಯೂ ಇಲ್ಲ. ಸಮಾಧಿಗೆ ಊದುಬತ್ತಿ ಹಚ್ಚಿ, ಕಿತ್ತಳೆ, ಕೇಕು ಇಟ್ಟು ನಮಸ್ಕಾರ ಮಾಡಿ, ಆಮೇಲೆ ಚಾಪೆ ಹಾಸಿಕೊಂಡು ಮನೆಯಿಂದ ತಂದದ್ದನ್ನು ತಿನ್ನುತ್ತಾ ಕೂರುತ್ತಾರೆ. ಹಳ್ಳಿಯ ಮಕ್ಕಳು ಸುತ್ತ ನಿಂತಿರುತ್ತಾರೆ, ಅವರಿಗೂ ಪಾಲು ಸಿಗುತ್ತದೆ. ನಿಮಗೂ ಸಿಗುತ್ತದೆ, ಕೈಯಲ್ಲಿ ಒಂದಷ್ಟು ಕಿತ್ತಳೆ ಹಿಡಿದುಕೊಂಡು ಹೋಗಿ. ಸಂಜೆ ಐದಕ್ಕೆ ಮುಂಚೆ ಆಟೋ ಹಿಡಿಯಿರಿ, ಆಮೇಲೆ ಕಷ್ಟ.